ಬಿದಿರಿನ ಗುಡ್ಡದ ಊರಿನಲ್ಲಿ ಒಂದು ಮೊರ

ದಾಂಡೇಲಿಯಲ್ಲಿ ಬಸ್ಸಿಳಿದು ಗಂಟು ಹೊತ್ತು ನಡೆಯುತ್ತಿದ್ದಾಗ ನಮ್ಮ ಮಾವ ಇದ್ದಕ್ಕಿದ್ದಂತೆ ನಿಂತರು. ಚಪ್ಪಲಿ ಬಿಟ್ಟರು. ತಲೆಯ ರುಮಾಲು ಸರಿಮಾಡಿಕೊಂಡು ಒಂದು ತಂತಿ ಬೇಲಿಗೆ ಕೈ ಮುಗಿದರು. ಬೇಲಿಯ ಆಚೆ ಬಿದಿರು. ನವಲಗುಂದದ ನಮ್ಮ ಮೇದಾರ ಓಣಿಯಲ್ಲಿ ಒಂದು ಚಕ್ಕಡಿ ಬಿದಿರು ಬಂದರೆ ಓಣಿಗೆ ಓಣಿಯೇ ಸುತ್ತ ನಿಂತು ಹಂಚಿಕೊಳ್ಳುತ್ತಿತ್ತು. ಅದೇ ಬಿದಿರನ್ನು ಇಲ್ಲಿ ಗುಡ್ಡದ ಮೇಲೆ ಗುಡ್ಡದಂತೆ ಒಟ್ಟಿದ್ದರು. ಅದರ ಮೇಲೆ ಹತ್ತಿ ನಿಂತ ಆಳುಗಳು ಕಾಗೆಯಷ್ಟು ಕಾಣುತ್ತಿದ್ದರು.

ಗೇಟಿನ ಕಾವಲುಗಾರ ನಕ್ಕು ಹೇಳಿದ, "ಏ ಅಜ್ಜಾ, ಅದೇನ್ ಗುಡಿ ಅಲ್ಲ. ಮಿಲ್ಲಿನ ಯಾರ್ಡು. ಮುಂದ ನಡೀರಿ."

ಮಾವ ಚಪ್ಪಲಿ ಮೆಟ್ಟುತ್ತ ಹೇಳಿದರು, "ಗುಡಿ ಅಲ್ಲಂತ ಗೊತ್ತೈತಪಾ. ಆದ್ರ ನಮ್ಮ ದೇವ್ರು ಒಳಗ ಅದಾನ."

ಗೇಟಿನ ಮೇಲೆ ಹಳದಿ ಹಲಗೆಯಿತ್ತು. ಅದರ ಮೇಲೆ ಇಂಗ್ಲಿಷಿನಲ್ಲಿ ದಪ್ಪಗೆ 'ಬ್ಯಾಂಬೂ ಯಾರ್ಡ್' ಎಂದೂ, ಕೆಳಗೆ ಕನ್ನಡದಲ್ಲಿ 'ಅಪ್ಪಣೆಯಿಲ್ಲದೆ ಒಳಗೆ ಬರಕೂಡದು' ಎಂದೂ ಬರೆದಿತ್ತು. ಹೆಸರು ಇಂಗ್ಲಿಷಿನಲ್ಲಿ, ಗದರಿಕೆ ಕನ್ನಡದಲ್ಲಿ. ಈ ಊರು ನನಗೆ ಕಲಿಸಿದ ಮೊದಲ ಪಾಠ ಅದು.

ಯಾಕೆ ಹೋದಿರಿ ಎಂದು ಊರಿನ ನೀವು ಇವತ್ತಿಗೂ ಕೇಳುತ್ತೀರಿ. ನಮ್ಮ ಕಪ್ಪು ನೆಲದಲ್ಲಿ ಬಿದಿರು ಹುಟ್ಟುವುದಿಲ್ಲ, ನಿಮಗೆ ಗೊತ್ತು. ತಲೆತಲಾಂತರದಿಂದ ಅದು ಹಳಿಯಾಳದ ಕಡೆಯಿಂದ ಬರುತ್ತಿತ್ತು, ನಾವು ಸೀಳಿ ಮೊರ, ಬುಟ್ಟಿ, ತಟ್ಟಿ ಹೆಣೆಯುತ್ತಿದ್ದೆವು. ಆಮೇಲೆ ಅದು ಬರುವುದು ಕಡಿಮೆಯಾಯಿತು. ಬಂದದ್ದೂ ನಮ್ಮ ಕೈಗೆ ನಿಲುಕದ ಬೆಲೆಗೆ ಬಂತು. ಎಲ್ಲ ಕಾಗದದ ಮಿಲ್ಲಿಗೆ ಹೋಗುತ್ತದೆ ಎಂದರು. ನನ್ನ ಗಂಡ ಹನಮಂತ ಒಂದು ವರ್ಷ ಮೊದಲೇ ಇಲ್ಲಿಗೆ ಬಂದು ಗುತ್ತಿಗೆ ಆಳಾಗಿ ಸೇರಿಕೊಂಡಿದ್ದ. ಊರಿಗೆ ಬಂದಾಗ ಅಪ್ಪನ ಮುಂದೆ ಕುಳಿತು, "ಬಿದಿರಿನ ಗುಡ್ಡಾನ ಐತಿ ಅಲ್ಲೆ, ಯಪ್ಪಾ. ಇಲ್ಲಿ ಕುಂತು ಯಾಕ ದಾರಿ ಕಾಯತೀರಿ?" ಎಂದ. ಅತ್ತೆ ತೀರಿಕೊಂಡಿದ್ದರು, ನನ್ನ ತವರಿನಲ್ಲೂ ಅವ್ವ ಇರಲಿಲ್ಲ. ಮಾವ ತಮ್ಮ ಕತ್ತಿಯನ್ನು ಅರಿವೆಯಲ್ಲಿ ಸುತ್ತಿ ಗಂಟಿನ ನಡುವೆ ಇಟ್ಟುಕೊಂಡರು. ಹೀಗೆ ಎಂಬತ್ತರ ದಶಕದ ಆರಂಭದಲ್ಲಿ, ಬಿದಿರು ನಮ್ಮಲ್ಲಿಗೆ ಬರದಾದಾಗ ನಾವೇ ಅದರ ಬೆನ್ನು ಹತ್ತಿ ಬಂದೆವು.

ಬಂದು ಇಳಿದದ್ದು ಮಿಲ್ಲಿನ ಕ್ವಾರ್ಟರ್ಸಿಗಲ್ಲ. ಅದು ಕಾಯಂ ಆದವರಿಗೆ. ನಮಗೆ ಸಿಕ್ಕಿದ್ದು ಸಾಲುಮನೆಯ ಒಂದು ಖೋಲಿ. ಮೇಲೆ ತಗಡು, ಗೋಡೆಗೆ ಬಿದಿರ ತಟ್ಟಿ, ಅದರ ಮೇಲೆ ಮಣ್ಣು ಮೆತ್ತಿತ್ತು. ಮಾವ ಮೊದಲ ದಿನ ಗೋಡೆಯನ್ನು ಬೆರಳಿನಿಂದ ತಟ್ಟಿ ನೋಡಿ, "ಹೆಣದಾಂವ ಅವಸರದಾಗ ಇದ್ದ," ಎಂದರು. ಊರಿನಲ್ಲಿ ನಮ್ಮದು ನೆಲದೊಳಗೆ ಕಾಳು ತುಂಬುವ ಹಗೇವಿನಂತೆ ತಣ್ಣನೆಯ ಮಣ್ಣಿನ ಮನೆ. ಇಲ್ಲಿ ಬಿಸಿಲಿಗೆ ತಗಡು ಕಾದು ಹಂಚಾಗುತ್ತಿತ್ತು, ಮಳೆಗೆ ಮಾತೇ ಕೇಳಿಸುತ್ತಿರಲಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು ವಾಸನೆ. ಬಿದಿರು ಬೇಯುವ ವಾಸನೆ ಕೊಳೆತ ಕೋಸಿನಂತೆ ಗಾಳಿಯಲ್ಲಿ ತೇಲಿ ಬಂದು ಅನ್ನದಲ್ಲೂ ಕೂದಲಲ್ಲೂ ಕೂಡುತ್ತಿತ್ತು. ಆರು ತಿಂಗಳಲ್ಲಿ ರೂಢಿಯಾಗುತ್ತದೆ ಎಂದು ಎಲ್ಲರೂ ಹೇಳಿದರು. ಆಯಿತು ಕೂಡ. ರೂಢಿಯಾದದ್ದೇ ನನಗೆ ಹೆಚ್ಚು ಬೇಸರ ತಂದಿತು.

ಅಲ್ಲಿ ಸೂರ್ಯ ಏಳಿಸುತ್ತಿದ್ದ, ಇಲ್ಲಿ ಭೋಂಗಾ ಏಳಿಸುತ್ತದೆ. ಭೋಂಗಾ ಎಂದರೆ ಮಿಲ್ಲಿನ ಸೈರನ್ನು. ಅಲ್ಲಿ ಕಣ್ಣು ಹಾಯಿಸಿದಷ್ಟು ದೂರ ಜೋಳ, ಇಲ್ಲಿ ಜೋಳದ ಹಿಟ್ಟು ಹುಡುಕಿಕೊಂಡು ಹೋಗಬೇಕು. ಓಣಿಯಲ್ಲಿ ಒಂದು ಮನೆಯವರು ಮರಾಠಿ, ಒಂದು ಮನೆಯವರು ಉರ್ದು, ಜೋಯಿಡಾ ಕಡೆಯವರು ಕೊಂಕಣಿ. ಮೊದಲ ತಿಂಗಳು ನಾನು ಯಾರೊಂದಿಗೂ ಮಾತಾಡಲಿಲ್ಲ. ಆದರೆ ಊರಿಗೆ ಬಂದವಳು ನೀರಿಗೆ ಬರದಿರುವಳೇ? ನಲ್ಲಿಯ ಪಾಳಿಯಲ್ಲಿ ಸಾವಿತ್ರಿ ಸಿಕ್ಕಳು. ಅವಳದು ಸೂಪಾದ ಹತ್ತಿರದ ಹಳ್ಳಿ. ಅಣೆಕಟ್ಟಿನ ನೀರು ಬರುತ್ತದೆಂದು ಅವಳ ಮನೆಯವರನ್ನು ಜೋಯಿಡಾ ಕಡೆಯ ರಾಮನಗರಕ್ಕೆ ಕಳಿಸಿದ್ದರು. ಅಲ್ಲಿಂದ ಗಂಡನ ಕೆಲಸಕ್ಕೆಂದು ಇಲ್ಲಿಗೆ ಬಂದಿದ್ದಳು. ನಾನು ಊರು ನೆನೆಸಿ ಅತ್ತಾಗ ಅವಳು ಕೊಡ ಇಳಿಸಿ, ತನ್ನ ಹರಕು ಕನ್ನಡದಲ್ಲಿ ಹೇಳಿದಳು, "ನಿಂದು ಊರು ಉಂಟಲ್ಲ ಬಾಯಿ. ಬಸ್ಸು ಹತ್ತಿದರೆ ಸಿಗ್ತದೆ. ನಂದು ನೀರಿನ ಕೆಳಗೆ. ಅಳು ಬೇಡ, ನೀರು ತುಂಬು." ಅವಳ ಮುಂದೆ ಮತ್ತೆ ನಾನು ಅಳಲಿಲ್ಲ.

ಹನಮಂತ ಮಿಲ್ಲಿನಲ್ಲಿ ಏನು ಕೆಲಸ ಮಾಡುತ್ತಾನೆಂದು ಅಪ್ಪನಿಗೆ ಬಹಳ ದಿನ ಹೇಳಿರಲಿಲ್ಲ. ಒಂದು ದಿನ ಮಾವನೇ ಕೇಳಿದರು. ಚಿಪ್ಪರ್ ಎಂಬ ಯಂತ್ರ ಇದೆ, ಅದರ ಬಾಯಿಗೆ ಬಿದಿರು ಕೊಡಬೇಕು, ರೆಪ್ಪೆ ಬಡಿಯುವಷ್ಟರಲ್ಲಿ ಆಳೆತ್ತರದ ಬಿದಿರು ಚಕ್ಕೆಯಾಗಿ ಬೀಳುತ್ತದೆ ಎಂದು ಅವನು ವಿವರಿಸಿದ. ಮಾವ ಉಣ್ಣುವ ಕೈ ನಿಲ್ಲಿಸಿದರು. ನಮ್ಮಲ್ಲಿ ಮುಂಜಾನೆ ಮೊದಲ ಬಿದಿರು ಸೀಳುವಾಗ ಅದರ ಬುಡಕ್ಕೆ ಕತ್ತಿ ಮುಟ್ಟಿಸಿ ಹಣೆಗೆ ಒತ್ತಿಕೊಳ್ಳುವ ರೂಢಿ.

"ಕೈ ಮುಗದು ಸೀಳತಿದ್ದಿ. ಈಗ ಹೆಂಗ ಮಾಡತಿ?" ಎಂದರು.

"ಈಗ ಭೋಂಗಾ ಆದ ಮ್ಯಾಲೆ ಚಾಲೂ ಮಾಡತೇನಿ, ಭೋಂಗಾ ಆದ ಮ್ಯಾಲೆ ಬಿಡತೇನಿ. ಅಷ್ಟ," ಎಂದ ಹನಮಂತ. ಅವನಿಗೂ ಸಂಕಟ ಇತ್ತು, ಅದನ್ನು ಸಿಟ್ಟಿನ ಹಾಗೆ ಆಡಿದ. ಅಂದು ಇಬ್ಬರೂ ಅರ್ಧ ರೊಟ್ಟಿ ಬಿಟ್ಟು ಎದ್ದರು.

ಮಾವನಿಗೆ ಬೇಕಾಗಿದ್ದದ್ದು ದೊಡ್ಡದೇನಲ್ಲ. ಹಸಿ ಬಿದಿರು, ಒಂದೋ ಎರಡೋ. ಯಾರ್ಡಿನದು ಮಿಲ್ಲಿನ ಸ್ವತ್ತು, ಅದನ್ನು ಕೇಳುವಂತಿಲ್ಲ. ಮೇದಾರರಿಗೆ ಕಾಡಿನ ಬಿದಿರು ಕೊಡುವ ಕಾರ್ಡು ಇದೆ ಎಂದು ಯಾರೋ ಹೇಳಿದರು. ಮಾವ ಶುಭ್ರ ಧೋತರ ಉಟ್ಟು ಅರಣ್ಯ ಇಲಾಖೆಯ ಕಚೇರಿಗೆ ಹೋದರು. ಕಾರ್ಡು ಈ ತಾಲೂಕಿನವರಿಗೆ ಮಾತ್ರ, ನಿಮ್ಮದು ನವಲಗುಂದ, ಅಲ್ಲಿಯೇ ಕೇಳಿರಿ ಎಂದರಂತೆ. ಕಾರ್ಡು ನಡೆಯುವಲ್ಲಿ ಬಿದಿರಿಲ್ಲ, ಬಿದಿರು ಇರುವಲ್ಲಿ ಕಾರ್ಡು ನಡೆಯುವುದಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ. ಮಾವ ಧೋತರ ಮಡಿಸಿಟ್ಟು, ಕತ್ತಿಗೆ ಎಣ್ಣೆ ಹಚ್ಚಿ, ಮತ್ತೆ ಅರಿವೆ ಸುತ್ತಿದರು.

ಆಗ ಎಲ್ಲ ಕಡೆ ಪ್ಲಾಸ್ಟಿಕ್ ವಾಯರಿನ ಚೀಲದ ಹುಚ್ಚು ಹಬ್ಬಿತ್ತು. ಹೆಣೆಯುವುದು ನನ್ನ ಬೆರಳಿನಲ್ಲೇ ಇದ್ದುದರಿಂದ ಒಂದೇ ದಿನದಲ್ಲಿ ಕಲಿತೆ. ಕೆಂಪು, ಹಸಿರು, ಹಳದಿ ಚೀಲಗಳನ್ನು ಕ್ವಾರ್ಟರ್ಸಿನ ಹೆಂಗಸರು ಮನೆಗೆ ಬಂದು ಒಯ್ಯತೊಡಗಿದರು. ಈ ಊರಿನಲ್ಲಿ ನನ್ನ ಮೊದಲ ಗೆಲುವು ಅದು, ನಾನು ಹಿಗ್ಗಿದ್ದೆ. ಮಾವನಿಗೂ ಕಲಿಸಲು ಹೋದೆ. ಅವರು ವಾಯರನ್ನು ಬೆರಳಲ್ಲಿ ಬಾಗಿಸಿ ನೋಡಿ ಕೆಳಗಿಟ್ಟರು. "ಇದಕ್ಕ ಗಂಟಿಲ್ಲ, ಗೆಣ್ಣಿಲ್ಲ, ಹೇಳಿದಂಗ ಕೇಳತೈತಿ. ಇದರ ಜೋಡಿ ಏನ್ ಮಾತಾಡೂದು, ನೀಲವ್ವಾ?" ಎಂದರು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ನಾನು ನಕ್ಕೆ. ಅವರೂ ನಕ್ಕರು.

ಚೀಲ ಒಯ್ಯಲು ಬಂದವರಲ್ಲಿ ಬೆಳಗಾವಿ ಕಡೆಯ ಒಬ್ಬ ಅಕ್ಕೋರು ಇದ್ದರು, ಶಾಲೆಯಲ್ಲಿ ಕಲಿಸುವವರು. ನಾನು ಹತ್ತನೆಯ ಇಯತ್ತೆಯ ಇಂಗ್ಲಿಷಿನಲ್ಲಿ ನಪಾಸಾದವಳೆಂದು ತಿಳಿದು, ಸಂಜೆ ಬಾ, ಮತ್ತೆ ಪರೀಕ್ಷೆಗೆ ಕೂಡಿಸುತ್ತೇನೆ ಎಂದರು. ಹೋಗತೊಡಗಿದೆ. ಅವರ ಕಪಾಟಿನಲ್ಲಿ ದಿಂಬಿನಷ್ಟು ದಪ್ಪದ ಇಂಗ್ಲಿಷ್ ಡಿಕ್ಷನರಿ ಇತ್ತು. ಅದು ಶಬ್ದದ ಅರ್ಥದ ಜೊತೆಗೆ ಅದು ಎಲ್ಲಿಂದ ಬಂತು ಎಂಬುದನ್ನೂ ಹೇಳುತ್ತಿತ್ತು. ಗೇಟಿನ ಹಲಗೆಯ ಆ ಶಬ್ದವನ್ನು ತೆಗೆಯಿರಿ ಎಂದೆ.

ಅಕ್ಕೋರು ಕನ್ನಡಕ ಏರಿಸಿ ಓದಿ ಬಿಡಿಸಿ ಹೇಳಿದರು. ಬ್ಯಾಂಬೂ ಎಂಬುದು ಇಂಗ್ಲಿಷರ ಸ್ವಂತ ಮಾತಲ್ಲವಂತೆ. ಅವರ ನಾಡಿನಲ್ಲಿ ಬಿದಿರೇ ಇರಲಿಲ್ಲ, ಇಲ್ಲದ ವಸ್ತುವಿಗೆ ಹೆಸರೆಲ್ಲಿಂದ ಬರಬೇಕು? ಪೋರ್ಚುಗೀಸರ ಬಾಯಲ್ಲಿ ಇತ್ತು, ಡಚ್ಚರ ಬಾಯಲ್ಲಿ ಇತ್ತು, ಅಲ್ಲಿಂದ ಇಂಗ್ಲಿಷಿಗೆ ಹೋಯಿತು. ಅವರಿಗೆ ಎಲ್ಲಿ ಸಿಕ್ಕಿತು ಎಂಬುದಕ್ಕೆ ಪಂಡಿತರಲ್ಲಿ ಜಗಳ. ಮಲಯ ದೇಶದಲ್ಲಿ ಎಂದು ಕೆಲವರು. ಕನ್ನಡದ್ದು ಇರಬಹುದು ಎಂದು ಕೆಲವರು.

"ಕನ್ನಡದ್ದಾ, ಅಕ್ಕೋರ?"

"ಇರಬಹುದು ಅಂತ ಬರದಾರ. ನಿಮ್ಮ ಕಡೆ ಬೊಂಬು ಅಂತಾರಲ್ಲ, ಅದ ಮಾತು."

ಬೊಂಬು! ನಮ್ಮ ಮನೆಯಲ್ಲಿ ದಿನಕ್ಕೆ ನೂರು ಸಲ ಆಡುವ ಮಾತು. ದಪ್ಪನೆಯ, ಉದ್ದನೆಯ ಬಿದಿರಿಗೆ ನಾವು ಬೊಂಬು ಎನ್ನುತ್ತೇವೆ. ನಮ್ಮ ಯಾವುದೋ ಮುತ್ತಜ್ಜ ಕಡಲ ದಂಡೆಯಲ್ಲಿ ನಿಂತು ಯಾರಿಗೋ ಹೇಳಿದ ಮಾತು ಹಡಗು ಹತ್ತಿ ಹೋಗಿ, ಊರೂರು ತಿರುಗಿ, ಟೋಪಿ ಹಾಕಿಕೊಂಡು ವಾಪಸು ಬಂದು ಈ ಗೇಟಿನ ಮೇಲೆ ಕುಳಿತಿದೆ ಎಂದು ನನಗೆ ತೋರಿತು. ಅಕ್ಕೋರು ಇನ್ನೊಂದನ್ನೂ ಹೇಳಿದರು. ಬೆಂಕಿಗೆ ಹಾಕಿದಾಗ ಬಿದಿರಿನ ಗೆಣ್ಣು ಒಡೆಯುವ ಸದ್ದಿನಿಂದಲೇ ಆ ಹೆಸರು ಬಂತು ಎಂದು ಹೇಳುವವರೂ ಇದ್ದಾರಂತೆ. ಅದನ್ನು ಡಿಕ್ಷನರಿಯವರು ನಂಬುವುದಿಲ್ಲ, ಜನ ತಮಾಷೆಗೆ ಹೇಳುವುದು ಎಂದರು. ನಾನು ನಗಲಿಲ್ಲ. ಬಿದಿರು ಸುಡುವ ಸದ್ದನ್ನು ನಾನು ಈ ಊರಿಗೆ ಬಂದ ಮೇಲೆಯೇ ಕೇಳಿದ್ದು.

ನಮ್ಮವರು ಬಿದಿರನ್ನು ಒಲೆಗೆ ಹಾಕುವುದಿಲ್ಲ. ಅನ್ನ ಕೊಟ್ಟದ್ದನ್ನು ಸುಟ್ಟರೆ ಮನೆತನ ಉರಿಯುತ್ತದೆ ಎಂಬ ನಂಬಿಕೆ. ಇಲ್ಲಿ ಯಂತ್ರಕ್ಕೆ ಬೇಡವಾದ ಗೆಣ್ಣಿನ ತುಂಡುಗಳನ್ನು ಉರುವಲಿಗೆಂದು ಆಳುಗಳು ಚೀಲದಲ್ಲಿ ತರುತ್ತಿದ್ದರು. ಮಳೆಗಾಲದ ಸಂಜೆ ಸಾಲುಮನೆಗಳ ಒಲೆಗಳಿಂದ ಫಟ್, ಢಂ ಎಂದು ಸದ್ದು ಏಳುತ್ತಿತ್ತು. ಪ್ರತಿ ಸದ್ದಿಗೂ ಮಾವನ ಭುಜ ಅದುರುವುದನ್ನು ನಾನು ಕಂಡಿದ್ದೆ.

ಡಿಕ್ಷನರಿಯ ಸುದ್ದಿ ಹೇಳಲು ಆ ಸಂಜೆ ಓಡಿಕೊಂಡೇ ಬಂದೆ. ಮಾವ ಹೊಸ್ತಿಲ ಮೇಲೆ ಕುಳಿತಿದ್ದರು. ಮಲಯ, ಪೋರ್ಚುಗೀಸು, ಹಡಗು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. 'ಇರಬಹುದು' ಎಂಬುದನ್ನು ಬೇಕೆಂದೇ ನುಂಗಿದೆ. "ಜಗತ್ತೆಲ್ಲ ಆಡೂ ಮಾತು ನಮ್ದ ಐತ್ರಿ, ಮಾವಾರ. ಆ ಬೋರ್ಡಿನ ಮ್ಯಾಲಿಂದು ನಮ್ಮ ಹೆಸರು."

ಅವರು ಕೇಳಿದರು, "ಹೆಸರು ನಮ್ದು ಅಂತಿ. ಬಿದಿರು?"

ಅದು ಡಿಕ್ಷನರಿಯಲ್ಲಿ ಇರಲಿಲ್ಲ.

ಆ ವರ್ಷ ನಾನು ಬಸುರಿಯಾದೆ. ನಿಮಗೆ ಗೊತ್ತಿರುವಂತೆ ನಮ್ಮಲ್ಲಿ ಹುಟ್ಟಿದ ಕೂಸನ್ನು ಮೊದಲು ಹೊಸ ಮೊರದಲ್ಲಿ ಮಲಗಿಸಬೇಕು. ಆ ಮೊರವನ್ನು ಮನೆಯ ಹಿರಿಯನೇ ಹೆಣೆಯಬೇಕು, ಕೊಂಡದ್ದು ನಡೆಯುವುದಿಲ್ಲ. ಹನಮಂತನನ್ನು ಮಲಗಿಸಿದ ಮೊರವನ್ನು ಹೆಣೆದದ್ದು ಅವನ ಅಜ್ಜ. ಸುದ್ದಿ ಕೇಳಿದ ದಿನವೇ ಮಾವ ಅರಿವೆ ಬಿಚ್ಚಿ ಕತ್ತಿ ಮಸೆದರು. ಊರಿಂದ ಬಂದ ಮೇಲೆ ಅವರ ಮುಖದಲ್ಲಿ ಕೆಲಸದ ಕಳೆ ಕಂಡದ್ದು ಅಂದೇ. "ಕೂಸು ಬರೂದ್ರಾಗ ಒಂದ್ ಬೊಂಬು ಸಿಗತೈತಿ, ಬಿಡು. ಇಷ್ಟ್ ದೊಡ್ಡ ಗುಡ್ಡದಾಗ ನಮ್ದೊಂದು ಇರಾಕಿಲ್ಲೇನು?" ಎಂದರು.

ಹನಮಂತ ಒಂದು ಚೀಲ ಗೆಣ್ಣಿನ ತುಂಡು ತಂದ. ಅವನು ತಂದದ್ದು ಒಲೆಗೆ. ಮಾವ ಅದನ್ನು ಒಲೆಯ ಹತ್ತಿರ ಬಿಡಲಿಲ್ಲ. ಚೀಲವನ್ನು ನೆಲಕ್ಕೆ ಸುರಿದು, ಒಂದೊಂದೇ ತುಂಡು ಆರಿಸಿ, ಸೀಳಿ, ಎಳೆ ತೆಗೆದು ದಿನವಿಡೀ ಕುಳಿತರು. ತುಂಡುಗಳು ಗೇಣುದ್ದ ಕೂಡ ಇರಲಿಲ್ಲ. ಸಂಜೆಗೆ ಒಂದು ಮೊರ ಆಯಿತು, ಅಂಗೈಯಷ್ಟು. ಅಂಚು, ಮಡಿಕೆ, ಕಟ್ಟು, ಎಲ್ಲ ಸರಿಯಾಗಿತ್ತು. ಅದರಲ್ಲಿ ಒಂದು ಹಿಡಿ ಅಕ್ಕಿ ಕೇರಬಹುದಾಗಿತ್ತು. ಮಾವ ಅದನ್ನು ನನ್ನ ಕೈಯಲ್ಲಿಟ್ಟು, "ಇದರಾಗ ಕೂಸಿನ ಕಾಲೊಂದು ಹಿಡದೀತು," ಎಂದು ಎದ್ದು ಹೋದರು. ಗಂಡಸು ಹಾಗೆ ಸೋತು ನಡೆದು ಹೋಗುವುದನ್ನು ನೋಡಬಾರದು. ನಾನು ನೋಡಿದೆ.

ಮರುದಿನದಿಂದ ಅವರು ಹಳಿಯಾಳದ ದಾರಿಯ ಏರಿನಲ್ಲಿ ಹೋಗಿ ನಿಲ್ಲತೊಡಗಿದರು. ಬಿದಿರು ತುಂಬಿದ ಲಾರಿಗಳು ಅಲ್ಲಿ ಏದುಸಿರು ಬಿಡುತ್ತ ಹತ್ತುತ್ತವೆ. ಹಿಂದೆ ಚಾಚಿದ ತುದಿಗಳು ಡಾಂಬರಿಗೆ ಉಜ್ಜಿಕೊಂಡು ಬರುತ್ತವೆ. ಎಂದಾದರೂ ಒಂದು ಜಾರಿ ಬಿದ್ದೀತು ಎಂದು ಅವರ ಆಸೆ. ಎಳೆದು ತೆಗೆಯುವ ಮಾತೇ ಇಲ್ಲ, ಮಗನ ಕೆಲಸ ಹೋಗುತ್ತದೆ. ಬಿದ್ದದ್ದನ್ನು ಮಾತ್ರ ಎತ್ತಿಕೊಳ್ಳಬೇಕು. ಬಿದ್ದದ್ದೆಲ್ಲ ಹಿಂದಿನ ಲಾರಿಯ ಗಾಲಿಗೆ ಸಿಕ್ಕಿ ನುಚ್ಚಾಗಿರುತ್ತಿತ್ತು. ಅವರು ಅದನ್ನೂ ಎತ್ತಿ ತಂದು ಹಿತ್ತಲಲ್ಲಿ ಒಟ್ಟುತ್ತಿದ್ದರು. ಅಷ್ಟರಲ್ಲಿ ಮಳೆ ಹಿಡಿಯಿತು. ನಮ್ಮ ನವಲಗುಂದದ ಮಳೆ ಬಂದು ಮಾತಾಡಿಸಿ ಹೋಗುವ ನೆಂಟ. ಇಲ್ಲಿಯದು ಮನೆ ಸೇರಿದರೆ ಏಳುವುದೇ ಇಲ್ಲ. ಬೇಡ ಎಂದು ನಾನು ಕೈ ಮುಗಿದೆ, ಹನಮಂತ ಬೈದ. ತಲೆಯ ಮೇಲೆ ಗೋಣಿಚೀಲ ಹಾಕಿಕೊಂಡು ಹೋಗುತ್ತಲೇ ಇದ್ದರು. ನನ್ನ ಹೊಟ್ಟೆ ಬೆಳೆದಂತೆ ಅವರ ಅವಸರ ಬೆಳೆಯಿತು.

ಕೆಮ್ಮು ಬಂತು, ಜ್ವರ ಬಂತು. ಎದೆಯಲ್ಲಿ ನೀರು ಕೂಡಿದೆ, ಬರುವುದು ತಡವಾಯಿತು ಎಂದರು ದವಾಖಾನೆಯಲ್ಲಿ. ಹಾಸಿಗೆಯ ಪಕ್ಕ ಕುಳಿತ ಮಗನಿಗೆ ಮಾವ ಒಂದೇ ಮಾತು ಹೇಳಿದರು. "ಕೊಂಡ ಮೊರದಾಗ ಹಾಕಬ್ಯಾಡ್ರಿ." ಮೂರನೆಯ ದಿನ ಬೆಳಗಿನ ಭೋಂಗಾ ಹೊಡೆಯುವ ಹೊತ್ತಿಗೆ ತೀರಿಕೊಂಡರು.

ಹೆಣವನ್ನು ಮನೆಗೆ ತಂದೆವು. ಸಿದಿಗೆ ಕಟ್ಟಬೇಕಲ್ಲ, ಅಂದರೆ ಚಟ್ಟ. ಅದಕ್ಕೆ ಎರಡು ಉದ್ದನೆಯ ಬೊಂಬು ಬೇಕು. ಹನಮಂತ ಗೋಡೆಗೆ ಒರಗಿ ಕುಳಿತಿದ್ದ, ಎಲ್ಲಿ ಕೇಳಲಿ ಎನ್ನುವಂತೆ ನನ್ನ ಮುಖ ನೋಡಿದ. ಕೇಳುವುದೇ ಬೇಕಾಗಲಿಲ್ಲ. ಅವನ ಜೊತೆಯ ಆಳುಗಳು ಯಾರ್ಡಿಗೆ ಹೋಗಿ ಸುದ್ದಿ ಹೇಳಿದ್ದರು. ಅಪ್ಪಣೆ ಕೂಡಲೇ ಸಿಕ್ಕಿತು, ಗೇಟು ತೆರೆಯಿತು. ಮಾವ ಕೈ ಮುಗಿದ ದಿನ ನಕ್ಕಿದ್ದ ಕಾವಲುಗಾರನೇ ಎರಡು ಹಸಿ ಬೊಂಬುಗಳಿಗೆ ಹೆಗಲು ಕೊಟ್ಟು ನಮ್ಮ ಬಾಗಿಲಿಗೆ ಬಂದ. ತಲೆ ತಗ್ಗಿಸಿ, "ಚಲೋ ನೋಡಿ ಆರಿಸೇನ್ರಿ, ತಂಗೀ," ಎಂದ.

ನಿಜಕ್ಕೂ ಚಲೋ ಬಿದಿರು. ನೆಟ್ಟಗೆ, ದೂರದೂರ ಗೆಣ್ಣು, ಎಳತೂ ಅಲ್ಲ ಬಲಿತದ್ದೂ ಅಲ್ಲ. ಮಾವ ಎರಡು ವರ್ಷ ಕಣ್ಣಲ್ಲಿ ಕಂಡದ್ದು ಅಂಥದೇ ಒಂದನ್ನು. ಜೀವಂತ ಇದ್ದಾಗ ಒಂದಕ್ಕೂ ಹಕ್ಕಿಲ್ಲದವರಿಗೆ ಸತ್ತ ಮೇಲೆ ಎರಡು, ಮನೆಬಾಗಿಲಿಗೆ. ನನಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು. ಯಾರ ಮೇಲೆ ಎಂದು ಇವತ್ತಿಗೂ ಹೇಳಲಾರೆ. ಸಿಟ್ಟು ಮಾಡಬಹುದಾದ ಮುಖ ಒಂದೂ ಅಲ್ಲಿರಲಿಲ್ಲ, ಎಲ್ಲರೂ ಅಳುತ್ತಿದ್ದರು.

ಬೊಂಬುಗಳು ಹೆಣಕ್ಕಿಂತ ಬಹಳ ಉದ್ದ ಇದ್ದವು. ಹನಮಂತ ಅಪ್ಪನ ಕತ್ತಿಯನ್ನು ತಂದು, ಬುಡಕ್ಕೆ ಮುಟ್ಟಿಸಿ ಹಣೆಗೆ ಒತ್ತಿಕೊಂಡ. ನಾನು ಈ ಊರಿನಲ್ಲಿ ಅವನು ಹಾಗೆ ಮಾಡಿದ್ದನ್ನು ಕಂಡದ್ದು ಅಂದೇ ಮೊದಲು. ಅಳತೆ ಹಿಡಿದು ಕಡಿದ. ಉಳಿದ ಎರಡು ತುಂಡುಗಳನ್ನು ಸಿದಿಗೆಯ ಜೊತೆಗೇ ಒಯ್ದು ಬಿಸಾಡಲು ಯಾರೋ ಎತ್ತಿಕೊಂಡರು. ಸತ್ತವರಿಗೆಂದು ತಂದದ್ದು ಮನೆಯಲ್ಲಿ ಉಳಿಯಬಾರದು.

"ತಡೀರಿ, ಅದನ್ನ ಇಲ್ಲೇ ಇಡ್ರಿ," ಎಂದೆ.

ಹೆಂಗಸರು ಹೌಹಾರಿದರು. ಬಸುರಿ, ಹೆಣದ ಮುಂದೆ ಕುಳಿತದ್ದೇ ತಪ್ಪು, ಮೇಲೆ ಇದೊಂದು ಎಂದರು. ನಮ್ಮ ಕಡೆಯವಳೇ ಆದ ಒಬ್ಬ ಅಜ್ಜಿ ಬಂದು ನನ್ನ ಕೈ ಹಿಡಿದಳು. "ಹುಚ್ಚಿ, ಸಿದಗಿ ಬಿದಿರು ಅದು. ಮನಿಯಾಗ ಇಟ್ಟಕೊಂತಾರೇನವಾ?"

"ಸಿದಗಿ ಇನ್ನೂ ಕಟ್ಟಿಲ್ಲ, ಆಯೀ. ಕಟ್ಟೂಕಿಂತ ಮೊದ್ಲ ಕಡದದ್ದು. ಇದು ಇನ್ನೂ ಬರೇ ಬಿದಿರು."

ಅಜ್ಜಿ ಹನಮಂತನ ಕಡೆ ನೋಡಿದಳು. ಅವನು ಆ ತುಂಡುಗಳನ್ನು ತಾನೇ ಇಸಿದುಕೊಂಡು ಒಳಗಿನ ಮೂಲೆಯಲ್ಲಿ ನಿಲ್ಲಿಸಿದ. ಮಾವನನ್ನು ಕಾಳಿ ನದಿಯ ಕಡೆಗೆ ಒಯ್ದು ಮಣ್ಣು ಮಾಡಿ ಬಂದರು.

ಬಿದಿರು ಒಣಗಿದರೆ ಕೆಲಸಕ್ಕೆ ಬಾರದು. ಸೂತಕ ಕಳೆಯುವವರೆಗೆ ಒದ್ದೆ ಗೋಣಿಚೀಲ ಸುತ್ತಿ ಇಟ್ಟೆ. ಮಾವ ತಲೆಗೆ ಹಾಕಿಕೊಳ್ಳುತ್ತಿದ್ದ ಚೀಲವೇ ಅದು. ಆಮೇಲೆ ಹನಮಂತ ಸೀಳಿ ಎಳೆ ತೆಗೆದುಕೊಟ್ಟ, ನಾನು ಹೆಣೆದೆ. ಹೊಟ್ಟೆ ಅಡ್ಡ ಬರುತ್ತಿತ್ತು, ಬಗ್ಗಲಾಗುತ್ತಿರಲಿಲ್ಲ. ಒಂದು ಮೂಲೆಯ ಮಡಿಕೆ ಸ್ವಲ್ಪ ಸೊಟ್ಟಗಾಯಿತು. ಮಾವ ಇದ್ದಿದ್ದರೆ ಬಿಚ್ಚಿಸುತ್ತಿದ್ದರು. ಮಗಳು ಹುಟ್ಟಿದ ದಿನ ಓಣಿಯ ಹೆಂಗಸರು ಕೂಸನ್ನು ಆ ಮೊರಕ್ಕೆ ಹಾಕಲು ಹಿಂಜರಿದು ನಿಂತರು. ಸಾವಿತ್ರಿ ಮುಂದೆ ಬಂದಳು. ಮೊರದಲ್ಲಿ ಅಕ್ಕಿ ಹರವಿ, ಮೇಲೆ ಅರಿವೆ ಹಾಸಿ, ಕೂಸನ್ನು ಮಲಗಿಸಿದಳು.

ಅದಾಗಿ ಐದಾರು ಮಳೆಗಾಲ ಕಳೆದವು. ಹನಮಂತ ಕಾಯಂ ಆದ. ಈಗಲೂ ಚಿಪ್ಪರಿನ ಬಾಯಿಗೆ ಬಿದಿರು ಕೊಡುತ್ತಾನೆ, ಆ ಕೆಲಸದ ಅನ್ನವನ್ನೇ ನಾವು ಉಣ್ಣುತ್ತೇವೆ. ನಾನು ಇಂಗ್ಲಿಷಿನಲ್ಲಿ ಪಾಸಾದೆ. ಊರಿಗೆ ಬಂದಾಗ ನೀವು ದಾಂಡೇಲಿಯವರು ಬಂದರು ಎನ್ನುತ್ತೀರಿ, ಇಲ್ಲಿಯವರು ನಮ್ಮನ್ನು ನವಲಗುಂದದವರು ಎನ್ನುತ್ತಾರೆ. ಆ ಬೊಂಬು ಎಂಬ ಮಾತಿಗೂ ಹೀಗೇ ಆಗಿರಬೇಕು. ಹಡಗಿನಲ್ಲಿ ಅದನ್ನು ಕನ್ನಡದ್ದು ಎಂದಿರುತ್ತಾರೆ, ವಾಪಸು ಬಂದ ಮೇಲೆ ನಾವೇ ಅದನ್ನು ಇಂಗ್ಲಿಷಿನದು ಎನ್ನುತ್ತೇವೆ. ವಾಪಸು ಬನ್ನಿರಿ ಎಂದು ನೀವು ಕರೆಯುತ್ತೀರಿ. ಎಲ್ಲಿಗೆ ಬರಲಿ? ಓಣಿ ಅಲ್ಲಿದೆ, ಮಾವ ಇಲ್ಲಿಯ ಮಣ್ಣಿನಲ್ಲಿದ್ದಾರೆ.

ಮೊರ ಗೋಡೆಗೆ ತೂಗಿದೆ, ಅದರ ಒಳಗೆ ಅಂಗೈಯಷ್ಟು ಇನ್ನೊಂದು. ಮಗಳು ಮೊನ್ನೆ ದೊಡ್ಡದನ್ನು ಇಳಿಸಿಕೊಂಡು ಯಾರು ಮಾಡಿದರು ಎಂದು ಕೇಳಿದಳು. ನಾನೇ ಹೆಣೆದೆ ಎಂದೆ. ಬಿದಿರು ಎಲ್ಲಿ ಸಿಕ್ಕಿತು, ಯಾರ್ಡಿನವರು ಯಾರಿಗೂ ಕೊಡುವುದಿಲ್ಲವಲ್ಲ ಎಂದಳು.

"ನಿಮ್ಮ ಅಜ್ಜ ತಂದ," ಎಂದೆ. ಅದು ಸುಳ್ಳಲ್ಲ.